ಬಂದು ಹೋದವರು, ಇಲ್ಲೇ ಉಳಿದವರು

ನಮ್ಮ ದಾದಾ ಅಲ್ಲಾಮಾ ಇಕ್ಬಾಲರನ್ನು ಕಣ್ಣಾರೆ ಕಂಡಿದ್ದರು. ಹಾಗೆಂದು ಅವರು ಹೇಳುತ್ತಿದ್ದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಅವರ ಮನೆ. ಅವರ ತಂದೆ ಜಟಕಾ ಓಡಿಸುತ್ತಿದ್ದರು. 1929ರ ಜನವರಿಯ ಒಂದು ದಿನ ಗುಂಬಜ್‌ಗೆ ಯಾರೋ ದೊಡ್ಡವರು ಬರುತ್ತಾರೆಂದು ಸುದ್ದಿ ಹಬ್ಬಿತಂತೆ. ಹನ್ನೆರಡು ವರ್ಷದ ದಾದಾ ಓರಗೆಯ ಹುಡುಗರ ಜೊತೆ ಓಡಿಹೋಗಿ ಲಾಲ್‌ಬಾಗಿನ ಬಾಗಿಲಲ್ಲಿ ನಿಂತರು. ಮೋಟಾರು ಬಂತು. ಇಳಿದವರು ಒಳಗೆ ಹೋದರು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಗದ್ದಲ ಮಾಡಬೇಡಿರೆಂದು ಯಾರೋ ಹುಡುಗರನ್ನು ಗದರಿಸಿದರು. ದಾದಾ ಹೇಳುತ್ತಿದ್ದ ಕಥೆ ಇಷ್ಟೇ.

"ಅವರು ಏನು ಮಾತಾಡಿದರು ದಾದಾ?" ಎಂದು ನಾನು ಪ್ರತಿಸಲವೂ ಕೇಳುತ್ತಿದ್ದೆ.

"ಮಾತಾಡಲಿಲ್ಲ ಬೇಟಿ. ನಾವು ಕಾದು ನಿಂತಿದ್ದೆವು, ಅಷ್ಟೆ."

ಮುಂದೆ ಉರ್ದು ಶಾಲೆಯ ಮಾಸ್ತರರಾಗಿ ಮೂವತ್ತು ವರ್ಷ ಮಕ್ಕಳಿಗೆ 'ಬಚ್ಚೇ ಕೀ ದುಆ' ಕಲಿಸಿದ ದಾದಾ, ಆ ಪದ್ಯ ಬರೆದವರನ್ನು ನೋಡಿದ್ದು ಹೀಗೆ. ನೋಡಿದ್ದು ನಿಜವೋ, ದೊಡ್ಡವರು ಹೇಳಿದ್ದನ್ನು ಕೇಳಿ ಕೇಳಿ ಅದು ತಮ್ಮದೇ ನೆನಪಾಗಿಬಿಟ್ಟಿತ್ತೋ, ಅವರಿಗೇ ಕೊನೆಗಾಲದಲ್ಲಿ ಅನುಮಾನವಿತ್ತು. ಆದರೆ ಇಕ್ಬಾಲರು ಆ ತಿಂಗಳು ಅಲ್ಲಿಗೆ ಬಂದದ್ದು ಚರಿತ್ರೆಯಲ್ಲಿ ದಾಖಲಾದ ಸಂಗತಿ. ಅವರು ಲಾಹೋರಿನಿಂದ ಅಷ್ಟು ದೂರದ ಕಾವೇರಿಯ ದಡಕ್ಕೆ ಹೇಗೆ ಬಂದರು, ಯಾರು ಕರೆಸಿದರು, ಬಂದವರಿಂದ ನಮಗೆ ಏನು ಸಿಕ್ಕಿತು, ನಾವು ಅವರನ್ನು ಏನು ಕೇಳಬೇಕಾಗಿತ್ತು ಎಂಬುದು ಈ ಲೇಖನದ ವಿಷಯ.

ಒಬ್ಬ ಚರ್ಮದ ವ್ಯಾಪಾರಿಯ ಯೋಚನೆ

ಇಕ್ಬಾಲರನ್ನು ದಕ್ಷಿಣಕ್ಕೆ ಕರೆಸಿದವರು ನವಾಬರಲ್ಲ, ಮಹಾರಾಜರೂ ಅಲ್ಲ. ಮದ್ರಾಸಿನ ಸೇಠ್ ಜಮಾಲ್ ಮುಹಮ್ಮದ್ ಎಂಬ ಚರ್ಮದ ವ್ಯಾಪಾರಿ. ತಮಿಳು ನಾಡಿನ ಮುಸ್ಲಿಂ ವರ್ತಕ ಮನೆತನದವರು. ಅವರ ತಂದೆ ಮದ್ರಾಸಿನಲ್ಲಿ ಜಮಾಲಿಯಾ ಅರಬಿ ಮದ್ರಸವನ್ನು ಕಟ್ಟಿದ್ದರು. ತಿರುಚಿರಾಪಳ್ಳಿಯಲ್ಲಿ 1951ರಲ್ಲಿ ಆರಂಭವಾದ ಜಮಾಲ್ ಮುಹಮ್ಮದ್ ಕಾಲೇಜು ಮಗನ ಹೆಸರನ್ನು ಇಂದಿಗೂ ಹೊತ್ತು ನಿಂತಿದೆ.

ಆಗಿನ ಮದ್ರಾಸಿನಲ್ಲಿ ಕ್ರೈಸ್ತ ಧರ್ಮದ ಕುರಿತು ವಿದ್ವಾಂಸರನ್ನು ಕರೆಸಿ ವಿದ್ಯಾರ್ಥಿಗಳ ಮುಂದೆ ಉಪನ್ಯಾಸ ಮಾಡಿಸುವ ರೂಢಿಯಿತ್ತು. ಅದನ್ನು ನೋಡಿದ ಅಲ್ಲಿನ ಮುಸ್ಲಿಮರಿಗೆ, ಇಸ್ಲಾಮಿನ ಬಗ್ಗೆಯೂ ಅಂಥ ಉಪನ್ಯಾಸಗಳು ಏಕೆ ನಡೆಯಬಾರದು ಎನ್ನಿಸಿತು. ಗಮನಿಸಬೇಕಾದ ಮಾತಿದು. ನೆರೆಯವರ ಒಳ್ಳೆಯ ಕೆಲಸವನ್ನು ಕಂಡು ಅವರು ಅಸೂಯೆಪಡಲಿಲ್ಲ, ಖಂಡನೆಯ ಕರಪತ್ರ ಹಂಚಲಿಲ್ಲ. ತಾವೂ ಅಂಥದೇ ಕೆಲಸಕ್ಕೆ ಕೈಹಾಕಿದರು. ಕಾಲೇಜು ಕಲಿಯುವ ಹುಡುಗರು ತಮ್ಮ ಧರ್ಮವನ್ನು ಹೊಸ ವಿದ್ಯೆಯ ಬೆಳಕಿನಲ್ಲಿ ಕೇಳಬೇಕು, ಮುಸ್ಲಿಮೇತರರೂ ಬಂದು ಕೂರಬೇಕು ಎಂಬುದು ಅವರ ಆಶಯ. ಹಣದ ಹೊಣೆಯನ್ನು ಹೊತ್ತವರಲ್ಲಿ ಜಮಾಲ್ ಮುಹಮ್ಮದ್ ಮುಂದಿದ್ದರು.

ಐದು ವರ್ಷಗಳೊಳಗೆ ಅವರು ಕರೆಸಿದ ಮೂವರು ಅತಿಥಿಗಳ ಹೆಸರನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಒಬ್ಬರು ಆಲಿಮ್, ಒಬ್ಬರು ಇಸ್ಲಾಮ್ ಸ್ವೀಕರಿಸಿದ ಇಂಗ್ಲಿಷ್ ಕಾದಂಬರಿಕಾರ, ಒಬ್ಬರು ಕವಿ-ದಾರ್ಶನಿಕ. ಮೂವರ ದಾರಿಯೂ ಬೇರೆ ಬೇರೆ. ಒಂದೇ ಬಗೆಯ ಮಾತನ್ನು ಮತ್ತೆ ಮತ್ತೆ ಕೇಳುವ ಬಯಕೆ ಆ ಸಂಘಟಕರಿಗೆ ಇರಲಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಮೊದಲ ಇಬ್ಬರು

1925ರ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಮೌಲಾನಾ ಸಯ್ಯದ್ ಸುಲೈಮಾನ್ ನದ್ವಿ ಮದ್ರಾಸಿಗೆ ಬಂದರು. ಮೌಲಾನಾ ಶಿಬ್ಲಿ ನುಅಮಾನಿಯವರ ಶಿಷ್ಯರಾದ ಇವರು ಗುರುಗಳು ಅರ್ಧಕ್ಕೆ ಬಿಟ್ಟುಹೋದ ಪ್ರವಾದಿ ಮುಹಮ್ಮದ್(ಸ)ರ ಬೃಹತ್ ಜೀವನಚರಿತ್ರೆಯನ್ನು ಮುಂದುವರಿಸಿದವರು. ಅಜಂಗಢದ ದಾರುಲ್ ಮುಸನ್ನಿಫೀನ್ ಸಂಸ್ಥೆಯಿಂದ 1916ರಲ್ಲಿ 'ಮಆರಿಫ್' ಮಾಸಿಕವನ್ನು ಆರಂಭಿಸಿದವರು. ಮದ್ರಾಸಿನಲ್ಲಿ ಅವರು ಉರ್ದುವಿನಲ್ಲಿ ಎಂಟು ಉಪನ್ಯಾಸಗಳನ್ನು ನೀಡಿದರು. ಒಬ್ಬ ಮನುಷ್ಯ ಇತರರಿಗೆ ಮಾದರಿಯಾಗಬೇಕಾದರೆ ಆತನ ಬದುಕು ಚರಿತ್ರೆಯ ಪರೀಕ್ಷೆಗೆ ನಿಲ್ಲಬೇಕು, ಬದುಕಿನ ಎಲ್ಲ ಮಗ್ಗುಲುಗಳನ್ನೂ ಒಳಗೊಂಡಿರಬೇಕು, ಹೇಳಿದ್ದನ್ನು ಆತ ಮಾಡಿ ತೋರಿಸಿರಬೇಕು ಎಂಬ ಅಳತೆಗೋಲುಗಳನ್ನು ಅವರು ಮೊದಲು ಸಭೆಯ ಮುಂದಿಟ್ಟರು. ಆಮೇಲೆ ಪ್ರವಾದಿವರ್ಯರ ಬದುಕನ್ನು ಆ ಅಳತೆಗೆ ಒಡ್ಡಿದರು. ಆ ಉಪನ್ಯಾಸಗಳೇ 'ಖುತ್ಬಾತೇ ಮದ್ರಾಸ್'. ನಮ್ಮ ಮನೆಯ ಟ್ರಂಕಿನಲ್ಲಿ ಅದರ ರಟ್ಟು ಹರಿದ ಪ್ರತಿಯೊಂದಿತ್ತು. ನಾನು ಉರ್ದು ಗದ್ಯವನ್ನು ತಡವರಿಸದೆ ಓದಲು ಕಲಿತದ್ದು ಅದರಲ್ಲೇ. ಒಬ್ಬರು ಸಭೆಯಲ್ಲಿ ನಿಂತು ಆಡಿದ ಮಾತು ಪುಸ್ತಕವಾದಾಗಲೂ ಎದುರಿಗೆ ಕೂತವರನ್ನು ಮರೆಯುವುದಿಲ್ಲ ಎಂಬುದನ್ನು ಆ ಹಾಳೆಗಳು ನನಗೆ ಕಲಿಸಿದವು.

1927ರಲ್ಲಿ ಬಂದವರು ಮರ್ಮಡ್ಯೂಕ್ ಪಿಕ್ತಾಲ್. 1903ರಲ್ಲಿ ಪ್ರಕಟವಾದ 'ಸಯೀದ್ ದಿ ಫಿಶರ್‌ಮನ್' ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ ಇವರು 1917ರಲ್ಲಿ ಬಹಿರಂಗವಾಗಿ ಇಸ್ಲಾಮ್ ಸ್ವೀಕರಿಸಿದರು. 1920ರಲ್ಲಿ 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕರಾಗಿ ಭಾರತಕ್ಕೆ ಬಂದರು. ಆಮೇಲೆ ಹೈದರಾಬಾದಿನಲ್ಲಿ ಹೈಸ್ಕೂಲೊಂದರ ಮುಖ್ಯಸ್ಥರಾಗಿ, 'ಇಸ್ಲಾಮಿಕ್ ಕಲ್ಚರ್' ಪತ್ರಿಕೆಯ ಸಂಪಾದಕರಾಗಿ ದುಡಿದರು. ಕುರ್‌ಆನಿನ ಅವರ ಪ್ರಸಿದ್ಧ ಇಂಗ್ಲಿಷ್ ಅನುವಾದ 1930ರಲ್ಲಿ ಹೊರಬಂತು. ಮದ್ರಾಸಿನಲ್ಲಿ ಅವರು ಇಂಗ್ಲಿಷಿನಲ್ಲಿ ಮಾತಾಡಿದರು. ವಿಷಯ ಇಸ್ಲಾಮಿನ ಸಾಂಸ್ಕೃತಿಕ ಮುಖ. ಪರಮತ ಸಹಿಷ್ಣುತೆಯ ಮೇಲೆ ಒಂದು ಉಪನ್ಯಾಸ, ಸ್ತ್ರೀ-ಪುರುಷ ಸಂಬಂಧದ ಮೇಲೆ ಇನ್ನೊಂದು. ಈ ಎರಡನೆಯದರಲ್ಲಿ ಅವರು, ಭಾರತದ ಮುಸ್ಲಿಮರು ಹೆಂಗಸರನ್ನು ನಾಲ್ಕು ಗೋಡೆಗಳ ನಡುವೆ ಕೂಡಿಹಾಕುವ ಪದ್ಧತಿಗೆ ಇಸ್ಲಾಮಿನ ಆಧಾರವಿಲ್ಲವೆಂದು ಮುಲಾಜಿಲ್ಲದೆ ಹೇಳಿದರು. ಕರೆಸಿದವರ ಮನೆಗಳಲ್ಲೂ ಆ ಪದ್ಧತಿ ಇದ್ದಿರಬಹುದಾದ ಕಾಲವದು. ಆದರೂ ಆ ಉಪನ್ಯಾಸವನ್ನು ಯಾರೂ ಬಿಟ್ಟುಬಿಡಲಿಲ್ಲ. ಉಳಿದವುಗಳ ಜೊತೆಗೆ ಅಚ್ಚುಹಾಕಿಸಿದರು. ತಮಗೆ ಹಿತವಲ್ಲದ ಮಾತನ್ನು ತಮ್ಮದೇ ಖರ್ಚಿನಲ್ಲಿ ಮುದ್ರಿಸುವುದು ಸಣ್ಣ ಸಂಗತಿಯಲ್ಲ.

ಮೂರನೆಯ ಅತಿಥಿ

ಮೂರನೆಯ ಅತಿಥಿ ಡಾ. ಮುಹಮ್ಮದ್ ಇಕ್ಬಾಲ್. 1877ರಲ್ಲಿ ಸಿಯಾಲ್‌ಕೋಟಿನಲ್ಲಿ ಹುಟ್ಟಿ, ಲಾಹೋರ್, ಕೇಂಬ್ರಿಜ್, ಮ್ಯೂನಿಕ್‌ಗಳಲ್ಲಿ ಓದಿದವರು. ಕವಿಯಾಗಿ ಇಡೀ ದೇಶಕ್ಕೆ ಗೊತ್ತಿದ್ದರು. ಆದರೆ ಮದ್ರಾಸಿನವರು ಅವರಿಂದ ಕವಿತೆಯನ್ನು ಕೇಳಲಿಲ್ಲ. ಧರ್ಮ ಮತ್ತು ಹೊಸ ಕಾಲದ ಜ್ಞಾನದ ಬಗ್ಗೆ ಕ್ರಮವಾಗಿ ಯೋಚಿಸಿ ಹೇಳಿ ಎಂದು ಕೇಳಿದರು.

ಇಕ್ಬಾಲರಿಗೆ ಆಗ ಇಂಥ ಕರೆ ಬೇಕಾಗಿತ್ತು. 1924ರ ಡಿಸೆಂಬರಿನಲ್ಲಿ ಲಾಹೋರಿನ ಇಸ್ಲಾಮಿಯಾ ಕಾಲೇಜಿನ ಹಬೀಬಿಯಾ ಹಾಲ್‌ನಲ್ಲಿ ಅವರು ಇಜ್ತಿಹಾದ್ ಕುರಿತು ಒಂದು ಪ್ರಬಂಧ ಓದಿದ್ದರು. ಇಜ್ತಿಹಾದ್ ಎಂದರೆ ಧರ್ಮದ ಮೂಲಗಳ ಆಧಾರದ ಮೇಲೆ ಹೊಸ ಸನ್ನಿವೇಶಕ್ಕೆ ಹೊಸದಾಗಿ ಯೋಚಿಸಿ ತೀರ್ಮಾನಕ್ಕೆ ಬರುವುದು. ಆ ಪ್ರಬಂಧಕ್ಕೆ ಆಕ್ಷೇಪಗಳು ಬಂದವು. ಇಕ್ಬಾಲರು ಅದನ್ನು ಅಚ್ಚಿಗೆ ಕೊಡದೆ ಇಟ್ಟುಕೊಂಡರು. ಆದರೆ ಯೋಚಿಸುವುದನ್ನು ಬಿಡಲಿಲ್ಲ. ಈ ವರ್ಷಗಳಲ್ಲಿ ಅವರು ಸುಲೈಮಾನ್ ನದ್ವಿಯವರಿಗೆ ಬರೆದ ಪತ್ರಗಳು ಉಳಿದಿವೆ. ಶಾಸ್ತ್ರದ ಸೂಕ್ಷ್ಮಗಳ ಬಗ್ಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಈ ವಿಷಯದಲ್ಲಿ ಹಿಂದಿನ ಇಮಾಮರು ಏನು ಹೇಳಿದ್ದಾರೆ, ಇದಕ್ಕೆ ಆಧಾರ ಯಾವ ಗ್ರಂಥದಲ್ಲಿದೆ, ಇದರಲ್ಲಿ ಬದಲಾವಣೆಗೆ ಅವಕಾಶವಿದೆಯೆ ಎಂದು. ದೇಶವೇ ಅಲ್ಲಾಮಾ ಎಂದು ಕರೆಯುತ್ತಿದ್ದವರು ತಮಗಿಂತ ಏಳು ವರ್ಷ ಕಿರಿಯರ ಮುಂದೆ ವಿದ್ಯಾರ್ಥಿಯಂತೆ ಕೂರುತ್ತಿದ್ದರು. ನಾನು ಇಕ್ಬಾಲರನ್ನು ಹೆಚ್ಚು ಮೆಚ್ಚುವುದು ಈ ಪತ್ರಗಳಿಗಾಗಿ.

1929ರ ಜನವರಿಯ ಮೊದಲ ವಾರ ಮದ್ರಾಸಿನ ಗೋಖಲೆ ಹಾಲ್‌ನಲ್ಲಿ ಅವರು ಮೂರು ಉಪನ್ಯಾಸಗಳನ್ನು ಓದಿದರು. ಮೊದಲನೆಯದು ಜ್ಞಾನ ಮತ್ತು ಧಾರ್ಮಿಕ ಅನುಭವದ ಬಗ್ಗೆ. ಎರಡನೆಯದು ಆ ಅನುಭವವನ್ನು ತತ್ವಶಾಸ್ತ್ರದ ಒರೆಗೆ ಹಚ್ಚುವ ಬಗ್ಗೆ. ಮೂರನೆಯದು ದೇವರ ಪರಿಕಲ್ಪನೆ ಮತ್ತು ಪ್ರಾರ್ಥನೆಯ ಅರ್ಥದ ಬಗ್ಗೆ. ಭಾಷೆ ಇಂಗ್ಲಿಷ್. ಗಝ್ಝಾಲಿ ಮತ್ತು ರೂಮಿಯವರ ಜೊತೆಗೆ ಐನ್‌ಸ್ಟೈನ್, ಬರ್ಗ್‌ಸನ್, ವೈಟ್‌ಹೆಡ್‌ರ ವಿಚಾರಗಳು. ಇಂದು ಓದಿದರೂ ಸುಲಭಕ್ಕೆ ಅರ್ಥವಾಗದ ಗದ್ಯವದು. ಒಂದು ಪುಟ ಓದಿ ಪುಸ್ತಕ ಮುಚ್ಚಿ ಯೋಚಿಸಿ ಮತ್ತೆ ತೆರೆಯಬೇಕು. ಸಭೆಯಲ್ಲಿ ಕೂತವರಲ್ಲಿ ಎಷ್ಟು ಮಂದಿಗೆ ಎಷ್ಟು ದಕ್ಕಿತೋ ಹೇಳಲಾಗದು. ಆದರೂ ಅವರು ಸಭಿಕರಿಗಾಗಿ ಮಾತನ್ನು ತೆಳುವಾಗಿಸಲಿಲ್ಲ.

ಮದ್ರಾಸಿನ ಮುಸ್ಲಿಂ ಮಹಿಳೆಯರ ಸಂಘವೊಂದು ಅದೇ ಸಂದರ್ಭದಲ್ಲಿ ಅವರಿಗೆ ಮಾನಪತ್ರ ಕೊಟ್ಟಿತು. ಉತ್ತರವಾಗಿ ಇಕ್ಬಾಲರು, ಶರೀಅತ್ ಕೊಟ್ಟಿರುವ ಹಕ್ಕುಗಳನ್ನು ಹೆಂಗಸರು ಪಟ್ಟುಹಿಡಿದು ಕೇಳಬೇಕೆಂಬ ಅರ್ಥದ ಮಾತಾಡಿದರು. ಈ ಪ್ರಸಂಗಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರು, ಮೈಸೂರು

ಮದ್ರಾಸಿನಿಂದ ಅವರು ಹೈದರಾಬಾದಿಗೆ ಹೋಗಬೇಕಾಗಿತ್ತು. ನಡುವೆ, ಜನವರಿಯ ಎರಡನೆಯ ವಾರ, ಮೈಸೂರು ಸಂಸ್ಥಾನಕ್ಕೆ ಬಂದರು. ಬೆಂಗಳೂರಿನ ಮುಸ್ಲಿಂ ಲೈಬ್ರರಿಯ ಪರವಾಗಿ ಅವರಿಗೆ ಮಾನಪತ್ರ ಅರ್ಪಿಸಲಾಯಿತು. ಮೈಸೂರಿನಲ್ಲಿ ಸಂಸ್ಥಾನದ ಅತಿಥಿಯಾಗಿದ್ದು, ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ಕೊಟ್ಟರು.

ಆ ಹೊತ್ತಿನ ಬೆಂಗಳೂರನ್ನು ನೆನಪಿಸಿಕೊಳ್ಳಬೇಕು. ಆರು ತಿಂಗಳ ಹಿಂದಷ್ಟೇ, 1928ರ ಜುಲೈಯಲ್ಲಿ, ಸುಲ್ತಾನ್‌ಪೇಟೆಯ ಶಾಲೆಯ ಆವರಣದ ಗಣಪತಿಯ ವಿಚಾರವಾಗಿ ಊರಿನಲ್ಲಿ ಗಲಭೆಯಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿ ಅದರ ವಿಚಾರಣೆ ನಡೆಸಿತು. ಹಿಂದೂ-ಮುಸ್ಲಿಂ ಮನಸ್ಸುಗಳು ಒಡೆದಿದ್ದ ಕಾಲ. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಮುಸ್ಲಿಮರೆಂಬ ಕಾರಣಕ್ಕೇ ಟೀಕೆಗೆ ಗುರಿಯಾಗಿದ್ದರು. ಅಂಥ ಹೊತ್ತಿನಲ್ಲಿ ಮುಸ್ಲಿಂ ದಾರ್ಶನಿಕನೊಬ್ಬನನ್ನು ಮೈಸೂರು ಗೌರವದಿಂದ ಬರಮಾಡಿಕೊಂಡಿತು.

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಗ ಹದಿಮೂರನೆಯ ವರ್ಷ. ಕುಲಪತಿಗಳಾಗಿದ್ದವರು ಬಂಗಾಳದ ಬ್ರಾಹ್ಮಸಮಾಜದ ತತ್ವಜ್ಞಾನಿ ಬ್ರಜೇಂದ್ರನಾಥ ಸೀಲ್. ತತ್ವಶಾಸ್ತ್ರದ ಪ್ರಾಧ್ಯಾಪಕರು ಪಾರ್ಸಿಗಳಾದ ಎ. ಆರ್. ವಾಡಿಯಾ. ಕೆಲವು ವರ್ಷಗಳ ಹಿಂದೆ ಎಸ್. ರಾಧಾಕೃಷ್ಣನ್ ಅದೇ ವಿಭಾಗದಲ್ಲಿ ಪಾಠ ಹೇಳಿದ್ದರು. ಲಂಡನ್ನಿನಲ್ಲಿ ಓದಿ ಬಂದಿದ್ದ ಎಂ. ವಿ. ಗೋಪಾಲಸ್ವಾಮಿ 1924ರಿಂದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟುತ್ತಿದ್ದರು. ಧಾರ್ಮಿಕ ಅನುಭವವನ್ನು ಮನಶ್ಶಾಸ್ತ್ರದ ಜೊತೆಗಿಟ್ಟು ನೋಡುತ್ತಿದ್ದ, ವಿಲಿಯಂ ಜೇಮ್ಸ್ ಮತ್ತು ಫ್ರಾಯ್ಡ್‌ರನ್ನು ಕುರಿತು ಮಾತಾಡುತ್ತಿದ್ದ ಅತಿಥಿಗೆ ಇದಕ್ಕಿಂತ ತಕ್ಕ ಜಾಗ ದಕ್ಷಿಣದಲ್ಲಿ ಎಷ್ಟಿದ್ದಾವು? ಹಿಂದೂ ಅರಸರ ಊರು, ಬ್ರಾಹ್ಮಸಮಾಜದ ಕುಲಪತಿ, ಪಾರ್ಸಿ ಪ್ರಾಧ್ಯಾಪಕ, ಮುಸ್ಲಿಂ ದಿವಾನ. ಇವರು ಎಲ್ಲ ವಿಷಯದಲ್ಲೂ ಒಪ್ಪುತ್ತಿದ್ದರೆಂದಲ್ಲ. ಒಬ್ಬರ ಧರ್ಮದ ಗಹನವಾದ ಚಿಂತನೆಯನ್ನು ಇನ್ನೊಬ್ಬರು ಕೂತು ಕೇಳುವುದು ಆ ಊರಿನಲ್ಲಿ ಸಹಜವಾಗಿತ್ತು, ಅಷ್ಟೆ.

ಗುಂಬಜಿನ ಒಳಗೆ

ಮೈಸೂರಿಗೆ ಬಂದ ಇಕ್ಬಾಲರಿಗೆ ಉಪನ್ಯಾಸದಷ್ಟೇ ಮುಖ್ಯವಾಗಿದ್ದದ್ದು ಶ್ರೀರಂಗಪಟ್ಟಣ. ಟಿಪ್ಪು ಸುಲ್ತಾನರು ತಂದೆ ಹೈದರಲಿಯವರಿಗಾಗಿ ಕಟ್ಟಿಸಿದ ಗುಂಬಜಿನಲ್ಲಿ ತಂದೆ, ತಾಯಿಯ ಪಕ್ಕದಲ್ಲೇ 1799ರ ಮೇ ತಿಂಗಳಲ್ಲಿ ಮಗನನ್ನೂ ಮಣ್ಣು ಮಾಡಲಾಯಿತು. ಸುತ್ತ ನುಣುಪಾದ ಕರಿಕಲ್ಲಿನ ಕಂಬಗಳು, ಒಳಗೋಡೆಯ ಮೇಲೆ ಹುಲಿಯ ಪಟ್ಟೆಗಳು. ಇಕ್ಬಾಲರು ಅಲ್ಲಿ ಬಹಳ ಹೊತ್ತು ಇದ್ದರೆಂದೂ, ಹೊರಗೆ ಬಂದಾಗ ಭಾವುಕರಾಗಿದ್ದರೆಂದೂ ಜೊತೆಗಿದ್ದವರು ಹೇಳಿದ್ದಾರೆ. ನಮ್ಮ ದಾದಾ ಕಾದು ನಿಂತದ್ದು ಆ ಹೊತ್ತಿನಲ್ಲೇ ಇರಬೇಕು.

ಒಳಗೆ ಆದದ್ದೇನು ಎಂಬುದಕ್ಕೆ ಮೂರು ವರ್ಷಗಳ ಮೇಲೆ ಉತ್ತರ ಸಿಕ್ಕಿತು. 1932ರಲ್ಲಿ ಪ್ರಕಟವಾದ 'ಜಾವೀದ್ ನಾಮಾ' ಎಂಬ ಪರ್ಷಿಯನ್ ಕಾವ್ಯದಲ್ಲಿ ಕವಿ ಮೌಲಾನಾ ರೂಮಿಯವರ ಕೈಹಿಡಿದು ಗ್ರಹಗಳನ್ನು ದಾಟಿ ಸ್ವರ್ಗದವರೆಗೆ ಪ್ರಯಾಣ ಮಾಡುತ್ತಾನೆ. ದಾರಿಯಲ್ಲಿ ವಿಶ್ವಾಮಿತ್ರರು ಸಿಗುತ್ತಾರೆ, ಭರ್ತೃಹರಿ ಸಿಗುತ್ತಾನೆ. ಮೀರ್ ಜಾಫರ್ ಮತ್ತು ಮೀರ್ ಸಾದಿಕ್‌ರನ್ನು ನರಕವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ಟಿಪ್ಪು ಎದುರಾಗುತ್ತಾರೆ. ಅವರು ಕವಿಯನ್ನು ದಖ್ಖನ್ ಹೇಗಿದೆ ಎಂದು ಕೇಳುತ್ತಾರೆ. ತಮ್ಮ ನದಿಗೆ, ನಮ್ಮ ಕಾವೇರಿಗೆ, ಬದುಕು ಮತ್ತು ಸಾವಿನ ಅರ್ಥ ಹೇಳುವ ಒಂದು ಸಂದೇಶವನ್ನು ಕೊಟ್ಟು ಕಳಿಸುತ್ತಾರೆ.

ಒಬ್ಬ ಚರ್ಮದ ವ್ಯಾಪಾರಿ ಏರ್ಪಡಿಸಿದ ಉಪನ್ಯಾಸದ ದೆಸೆಯಿಂದ ಕಾವೇರಿ ಪರ್ಷಿಯನ್ ಕಾವ್ಯದೊಳಗೆ ಹರಿಯಿತು. ಕರೆಸಿದವರಿಗಾಗಲಿ, ಬಂದವರಿಗಾಗಲಿ ಇದು ಮೊದಲೇ ತಿಳಿದಿರಲಿಲ್ಲ. ಉಪನ್ಯಾಸದ ಲಾಭವನ್ನು ಆ ದಿನದ ಚಪ್ಪಾಳೆಯಲ್ಲಿ ಅಳೆಯಬಾರದು ಎನ್ನುವುದಕ್ಕೆ ಇದೊಂದು ನಿದರ್ಶನ.

ಕೇಳಬೇಕಾಗಿದ್ದ ಪ್ರಶ್ನೆಗಳು

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಹಿತವಾಗಿರುತ್ತಿತ್ತು. ಆದರೆ ಚರಿತ್ರೆ ನಮ್ಮ ಹಿತಕ್ಕೆ ತಕ್ಕಂತೆ ನಿಲ್ಲುವುದಿಲ್ಲ.

ಮದ್ರಾಸಿನಲ್ಲಿ ಇಕ್ಬಾಲರು ಓದಿದ್ದು ಮೂರೇ ಉಪನ್ಯಾಸ. ಇಜ್ತಿಹಾದ್ ಕುರಿತದ್ದು ಆ ಮೂರರಲ್ಲಿ ಇರಲಿಲ್ಲ. ಆರೂ ಉಪನ್ಯಾಸಗಳನ್ನು ಅವರು ಅದೇ ವರ್ಷದ ನವೆಂಬರಿನಲ್ಲಿ ಅಲೀಗಢದಲ್ಲಿ ಓದಿದರು. 1930ರಲ್ಲಿ ಲಾಹೋರಿನಲ್ಲಿ ಅವು ಪುಸ್ತಕವಾದವು. ಏಳನೆಯದನ್ನು ಸೇರಿಸಿ 1934ರಲ್ಲಿ ಆಕ್ಸ್‌ಫರ್ಡ್ ಮುದ್ರಣ ಬಂತು. ಇಜ್ತಿಹಾದ್ ಅಧಿಕಾರವನ್ನು ಬಿಡಿಬಿಡಿ ವಿದ್ವಾಂಸರಿಂದ ಚುನಾಯಿತ ಶಾಸನಸಭೆಗೆ ವರ್ಗಾಯಿಸಬಹುದೆಂಬ ಮಾತು ಅದರಲ್ಲಿದೆ. ಇನ್ನೊಂದು ಕಹಿಸತ್ಯವೂ ಇದೆ: ಪಂಜಾಬಿನಲ್ಲಿ ಕೆಟ್ಟ ಗಂಡನಿಂದ ಬಿಡುಗಡೆ ಪಡೆಯಲು ಬೇರೆ ದಾರಿ ಕಾಣದ ಮುಸ್ಲಿಂ ಹೆಂಗಸರು ಧರ್ಮವನ್ನೇ ತೊರೆದ ಪ್ರಕರಣಗಳು. ಧರ್ಮವನ್ನು ಉಳಿಸಬೇಕಾದ ಕಾನೂನೇ ಹೆಣ್ಣನ್ನು ಧರ್ಮದಿಂದ ಹೊರಗೆ ತಳ್ಳುತ್ತಿದೆಯಲ್ಲ ಎಂಬುದು ಅವರ ಕಳವಳ. ಇದೇ ಸಂಕಟಕ್ಕೆ ಮೌಲಾನಾ ಅಶ್ರಫ್ ಅಲಿ ಥಾನವಿಯವರು ತಮ್ಮದೇ ಸಾಂಪ್ರದಾಯಿಕ ದಾರಿಯಲ್ಲಿ, ಮಾಲಿಕೀ ಮದ್‌ಹಬ್‌ನ ಅಭಿಪ್ರಾಯಗಳ ನೆರವಿನಿಂದ ಪರಿಹಾರ ಹುಡುಕಿದರು. ಕೊನೆಗೆ 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಬಂತು. ಇಕ್ಬಾಲರು ಹಿಂದಿನ ವರ್ಷವೇ, 1938ರ ಏಪ್ರಿಲ್ 21ರಂದು, ತೀರಿಕೊಂಡಿದ್ದರು.

ಇಷ್ಟು ದೂರ ಯೋಚಿಸಿದವರು ಹೆಣ್ಣಿನ ವಿಷಯದಲ್ಲಿ ಎಲ್ಲ ಕಡೆ ಹೀಗೇ ಇದ್ದರೆ? ಇಲ್ಲ. 'ಜಾವೀದ್ ನಾಮಾ'ದಲ್ಲೇ ಮಂಗಳಗ್ರಹದಲ್ಲಿ ಹೆಂಗಸರ ಬಿಡುಗಡೆಯನ್ನು ಸಾರುವ ಒಬ್ಬ ಹೆಣ್ಣು ಬರುತ್ತಾಳೆ. ಅವಳನ್ನು ಕವಿ ಚಿತ್ರಿಸಿದ ರೀತಿಯಲ್ಲಿ ಗೌರವವಿಲ್ಲ. ಮದ್ರಾಸಿನ ಹೆಂಗಸರಿಗೆ ಹಕ್ಕು ಕೇಳಿ ಎಂದವರೂ ಅವರೇ, ಹಕ್ಕು ಕೇಳುವವಳನ್ನು ಹೀಗೆ ಬರೆದವರೂ ಅವರೇ. ಮಾನಪತ್ರ ಓದಿದ ಆ ತಾಯಂದಿರಿಗೆ ತಿರುಗಿ ಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದರೆ ಏನು ಕೇಳುತ್ತಿದ್ದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಗುಂಬಜಿಗೆ ಬಂದುಹೋದ ಎರಡೇ ವರ್ಷದೊಳಗೆ, 1930ರ ಡಿಸೆಂಬರ್ 29ರಂದು, ಇಕ್ಬಾಲರು ಅಲಹಾಬಾದಿನ ಮುಸ್ಲಿಂ ಲೀಗ್ ಅಧಿವೇಶನದ ಅಧ್ಯಕ್ಷ ಪೀಠದಿಂದ ಮಾತಾಡಿದರು. ಪಂಜಾಬ್, ವಾಯವ್ಯ ಗಡಿ ಪ್ರಾಂತ, ಸಿಂಧ್, ಬಲೂಚಿಸ್ತಾನಗಳು ಒಂದೇ ರಾಜ್ಯವಾಗುವುದನ್ನು ನೋಡಲು ಬಯಸುತ್ತೇನೆ ಎಂದರು. 1947ರಲ್ಲಿ ಆದದ್ದೇ ಅವರ ಮನಸ್ಸಿನಲ್ಲಿತ್ತೋ ಇಲ್ಲವೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಆ ವಾದ ಇಲ್ಲಿ ಬೇಡ. ನನ್ನ ಮಾತು ಇಷ್ಟೇ: ಆ ನಕ್ಷೆಯಲ್ಲಿ ಮದ್ರಾಸ್ ಇರಲಿಲ್ಲ. ಬೆಂಗಳೂರು ಇರಲಿಲ್ಲ. ಗಂಜಾಂ ಇರಲಿಲ್ಲ. ಅವರನ್ನು ಕರೆಸಿ, ಕೇಳಿ, ಮಾನಪತ್ರ ಕೊಟ್ಟ ದಕ್ಷಿಣದ ಮುಸ್ಲಿಮರು ಆ ಮಾತಿನ ಹೊರಗೇ ಉಳಿದರು.

ಪಿಯುಸಿಯಲ್ಲಿ ಚರಿತ್ರೆ ಓದುತ್ತಿದ್ದಾಗ ನಾನು ಇದನ್ನು ದಾದಾರ ಮುಂದಿಟ್ಟೆ. 1904ರಲ್ಲಿ 'ತರಾನಾ-ಎ-ಹಿಂದಿ' ಬರೆದವರು ಹೀಗೇಕೆ ಹೇಳಿದರು, ಅದರಲ್ಲಿ ನಾವು ಎಲ್ಲಿದ್ದೆವು ಎಂದು ಜೋರಾಗಿಯೇ ಕೇಳಿದೆ. ದಾದಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಸಿಟ್ಟಾಗಲಿಲ್ಲ. "ಅವರು ಬಂದರು, ಹೋದರು ಬೇಟಿ. ನಾವು ಇಲ್ಲೇ ಇದ್ದೆವು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಪದ್ಯ ಕಲಿಸುವುದನ್ನು ನಾನು ಬಿಡಲಿಲ್ಲ. ಊರನ್ನೂ ಬಿಡಲಿಲ್ಲ" ಎಂದು ಸೇರಿಸಿದರು.

ನನಗೆ ಆಗ ಅದು ಉತ್ತರ ತಪ್ಪಿಸಿಕೊಳ್ಳುವ ಮಾತಿನಂತೆ ಕಂಡಿತು. ಈಗ ಹಾಗೆ ಅನ್ನಿಸುವುದಿಲ್ಲ. ಮೆಚ್ಚಿದವರ ಎಲ್ಲ ಮಾತಿಗೂ ತಲೆದೂಗಬೇಕಾಗಿಲ್ಲ. ಒಪ್ಪದ ಒಂದು ಮಾತಿಗಾಗಿ ಅವರ ಎಲ್ಲವನ್ನೂ ಕಿತ್ತೆಸೆಯಬೇಕಾಗಿಯೂ ಇಲ್ಲ. ಉರ್ದು ಮಾಸ್ತರರಾದ ನಮ್ಮ ದಾದಾ ಇದನ್ನು ಬದುಕಿಯೇ ತೋರಿಸಿದ್ದರು.

ಒಂದು ಚೀಟಿ

ನನ್ನ ಇಪ್ಪತ್ತರ ಪ್ರಾಯದಲ್ಲಿ ಒಂದು ದೊಡ್ಡ ಊರಿನಲ್ಲಿ ನಡೆದ ವಿಚಾರಗೋಷ್ಠಿಗೆ ಹೋಗಿದ್ದೆ. ನಾನು ಬಹಳ ಮೆಚ್ಚಿಕೊಂಡಿದ್ದ ವಿದ್ವಾಂಸರೊಬ್ಬರು ಇಕ್ಬಾಲರ ಇಜ್ತಿಹಾದ್ ಬಗ್ಗೆ ಮಾತಾಡುವವರಿದ್ದರು. ಹೆಂಗಸರಿಗೆ ಪಕ್ಕದ ಕೋಣೆಯಲ್ಲಿ ಆಸನ. ಗೋಡೆಯ ಮೇಲಿದ್ದ ಸ್ಪೀಕರಿನಿಂದ ಮಾತು ಕೇಳಿಸುತ್ತಿತ್ತು. ಪ್ರಶ್ನೆಯಿದ್ದರೆ ಚೀಟಿಯಲ್ಲಿ ಬರೆದು ಕಳಿಸಿ ಎಂದರು. ನಾನು ಬರೆದೆ: 'ಇಜ್ತಿಹಾದ್ ಬೇಕೆಂದಿರಿ. ಅದನ್ನು ಮಾಡುವ ಸಭೆಯಲ್ಲಿ ನಮಗೂ ಒಂದು ಕುರ್ಚಿ ಇದೆಯೆ?' ಚಿಕ್ಕ ಹುಡುಗನೊಬ್ಬ ಚೀಟಿ ತೆಗೆದುಕೊಂಡು ಹೋದ. ಬಾಗಿಲ ಸಂದಿನಿಂದ ನೋಡುತ್ತಿದ್ದೆ. ನಿರ್ವಾಹಕರು ಅದನ್ನು ಓದಿದರು, ಮಡಿಚಿದರು, ಜೇಬಿಗೆ ಹಾಕಿಕೊಂಡರು. ಸಮಯದ ಅಭಾವದಿಂದ ಪ್ರಶ್ನೋತ್ತರ ಮುಗಿಯಿತು ಎಂದು ಪ್ರಕಟಿಸಿದರು. ಆಮೇಲೆ ಅರ್ಧ ಗಂಟೆ ಹಾರ, ಶಾಲು, ನೆನಪಿನ ಕಾಣಿಕೆಗಳ ಕಾರ್ಯಕ್ರಮ ನಡೆಯಿತು.

ಆ ವಿದ್ವಾಂಸರ ಮೇಲೆ ನನಗೆ ಬೇಸರವಿಲ್ಲ. ಅವರಿಗೆ ಚೀಟಿ ತಲುಪಲೇ ಇಲ್ಲ. ತಲು��ಿದ್ದರೆ ಒಳ್ಳೆಯ ಉತ್ತರವನ್ನೇ ಕೊಡುತ್ತಿದ್ದರೇನೋ.

ಇಂದು ಚಿಂತಕರ ಮಾತು ಕೇಳಲು ರೈಲು ಹತ್ತಬೇಕಾಗಿಲ್ಲ. ಅಂಗೈಯೊಳಗಿನ ಫೋನಿನಲ್ಲಿ ಬೇಕಾದವರ ಭಾಷಣ ಬೇಕಾದಷ್ಟು ಸಲ ಕೇಳಬಹುದು. ನಮ್ಮ ಹೆಣ್ಣುಮಕ್ಕಳಿಗೆ ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಆದರೆ ಎದುರಿಗೆ ಕೂತು, ಎದ್ದು ನಿಂತು, ಸ್ವಾಮಿ ಇದು ನನಗೆ ಅರ್ಥವಾಗಲಿಲ್ಲ, ಇದನ್ನು ನಾನು ಒಪ್ಪುವುದಿಲ್ಲ ಎನ್ನುವ ಅವಕಾಶ ಫೋನಿನಲ್ಲಿಲ್ಲ. ಅದಕ್ಕೆ ಸಭೆಯೇ ಬೇಕು. ನಮ್ಮ ಸಭೆಗಳಲ್ಲಿ ಅತಿಥಿಯ ಜೊತೆ ಸೆಲ್ಫಿ ತೆಗೆದುಕೊಳ್ಳುವವರ ಸಾಲು ಉದ್ದವಾಗಿದೆ. ಪ್ರಶ್ನೆ ಕೇಳುವವರ ಸಾಲಿಗೆ ಸಮಯ ಸಿಗುವುದಿಲ್ಲ.

ಮದ್ರಾಸಿನ ಆ ಉಪನ್ಯಾಸಗಳಿಗೂ ಕೊರತೆಗಳಿದ್ದವು. ಇಕ್ಬಾಲರ ಇಂಗ್ಲಿಷ್ ಉಪನ್ಯಾಸಗಳು ಉರ್ದು ಓದುಗರಿಗೆ ಪುಸ್ತಕವಾಗಿ ಸಿಕ್ಕಿದ್ದು 1958ರಲ್ಲಿ, ಸಯ್ಯದ್ ನಝೀರ್ ನಿಯಾಝಿಯವರ ಅನುವಾದದಲ್ಲಿ. ಹೇಳಿದವರು ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು. ಉರ್ದುವಿಗೇ ಇಷ್ಟು ತಡವಾದರೆ, ಬೀದಿಯಲ್ಲಿ ಕನ್ನಡವನ್ನೂ ತಮಿಳನ್ನೂ ಆಡುತ್ತಿದ್ದ ಸಾಮಾನ್ಯ ಮುಸ್ಲಿಮನ ಪಾಡೇನು? ಜಟಕಾದವನ ಮಗನಿಗೆ ಗುಂಬಜಿನ ಹೊರಗೆ ನಿಲ್ಲುವ ಭಾಗ್ಯವಷ್ಟೇ ಸಿಕ್ಕಿತು. ಕೇಳುವವರ ಭಾಷೆಯಲ್ಲಿ ಹೇಳದೆ ಹೋದರೆ ದೊಡ್ಡ ಮಾತು ದೊಡ್ಡವರ ನಡುವೆಯೇ ಸುತ್ತುತ್ತಿರುತ್ತದೆ. ನಾನು ಉರ್ದುವಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಇದೂ ಒಂದು ಕಾರಣ.

ಆದರೂ ಆ ವ್ಯಾಪಾರಿಗಳಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ಅವರು ಬೇರೆ ಬೇರೆ ದಾರಿಯ ಮೂವರನ್ನು ಕರೆಸಿದರು. ಹೊಗಳಿಕೆಯ ಮಾತನ್ನಲ್ಲ, ಯೋಚಿಸಿದ ಮಾತನ್ನು ಬೇಡಿದರು. ಇಷ್ಟವಾಗದ ಮಾತನ್ನೂ ಅಚ್ಚುಹಾಕಿಸಿದರು. ಇವುಗಳ ಜೊತೆಗೆ ನಾವು ಎರಡನ್ನು ಸೇರಿಸಿಕೊಂಡರೆ ಸಾಕು: ನಮ್ಮ ನೆಲದ ಭಾಷೆಯನ್ನು ಮತ್ತು ಆ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳುವ ಧೈರ್ಯವನ್ನು.

ಹೋದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ದಾದಾ ನಿಂತಿದ್ದರೆನ್ನುವ ಬಾಗಿಲನ್ನು ತೋರಿಸಿ ಕಥೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, "ಅಷ್ಟು ಹೊತ್ತು ಕಾದವರು ಅವರು ಹೊರಗೆ ಬಂದಾಗ ಏನೂ ಕೇಳಲಿಲ್ಲವಾ ಅಮ್ಮಾ?" ಎಂದಳು. ಇಲ್ಲ ಎಂದೆ. "ನಾನಾಗಿದ್ದರೆ ಕೇಳ್ತಿದ್ದೆ" ಎನ್ನುತ್ತಾ ಚಪ್ಪಲಿ ಬಿಟ್ಟು ನನಗಿಂತ ಮೊದಲೇ ಮೆಟ್ಟಿಲು ಹತ್ತಿದಳು.